ಬೆಳೆ ಇದೆ ಎಂದು ಬರೆದ ಫೈಲು

ಕೆಲಸದ ಮೇಲೆ ಒಂದಿಷ್ಟೂ ಮನಸ್ಸಿಲ್ಲದಿದ್ದ ಆ ಎರಡು ವರ್ಷಗಳಲ್ಲೇ ನಾನು ಅತಿ ಹೆಚ್ಚು ಕೆಲಸ ಮುಗಿಸಿದೆ. ಹೆಮ್ಮೆಗೆ ಹೇಳುತ್ತಿಲ್ಲ. ನೆನೆದರೆ ನಾಚಿಕೆಯಾಗುತ್ತದೆ.

ನಾನು ಲೈಸೆನ್ಸ್ ಪಡೆದ ಸರ್ವೆಯರ್. ಮನೆ ಪಾಂಡವಪುರದಲ್ಲಿ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಎಲ್ಲಿ ಜಮೀನು ಅಳೆಯುವ ಕೆಲಸ ಬಂದರೂ ಬೈಕಿನ ಹಿಂದೆ ಟೇಪು, ಚೈನು ಕಟ್ಟಿಕೊಂಡು ಹೋಗಿಬರುವವನು. ಸರ್ಕಾರಿ ಸರ್ವೆಯರ್ ಆಗಬೇಕೆಂಬ ಆಸೆಯಿತ್ತು. ಮೂರನೇ ಸಲವೂ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ, ಅಷ್ಟರಲ್ಲಿ ವಯಸ್ಸಿನ ಮಿತಿಯೂ ದಾಟಿತು. ಆಮೇಲೆ ಬೈಕಿನ ಕೀಲಿ ಮುಟ್ಟುವುದೇ ಬೇಡವಾಯಿತು. ಬೆಳಿಗ್ಗೆ ಹಲ್ಲುಜ್ಜುತ್ತಾ ಅರ್ಧ ಗಂಟೆ ಬಚ್ಚಲಲ್ಲಿ ನಿಂತುಬಿಡುತ್ತಿದ್ದೆ. "ಬ್ರಷ್ಷು ತಿಂದ್ಬುಟ್ರಾ ಎಂಗೆ?" ಎಂದು ಹೆಂಡತಿ ಹೊರಗಿನಿಂದ ಕೂಗುತ್ತಿದ್ದಳು.

ಆ ದಿನಗಳಲ್ಲಿ ಫೋನಿನಲ್ಲಿ ಕೋಟು ತೊಟ್ಟವನೊಬ್ಬ ಉಪದೇಶ ಮಾಡುವುದನ್ನು ನೋಡಿದೆ. ಮನಸ್ಸಿಲ್ಲದಿದ್ದರೆ ಚಿಕ್ಕ ಕೆಲಸದಿಂದ ಶುರುಮಾಡಿ, ಒಂದು ಮುಗಿದರೆ ಇನ್ನೊಂದಕ್ಕೆ ಹುರುಪು ತಾನೇ ಬರುತ್ತದೆ ಎಂದ. ಅವನ ಮಾತು ಸುಳ್ಳಲ್ಲ. ಮಾರನೆಯ ದಿನವೇ ಫೈಲುಗಳನ್ನೆಲ್ಲ ಹರಡಿಕೊಂಡು ಸುಲಭದವನ್ನು ಬೇರೆ ಮಾಡಿದೆ. ನಾಗಮಂಗಲದ ಕಡೆಯ ಬಯಲು ಜಮೀನುಗಳು ಮೊದಲು. ಅಲ್ಲಿ ರಾಗಿ ಕೊಯ್ದ ಹೊಲದವರೆಗೂ ಬೈಕು ಹೋಗುತ್ತದೆ, ಕೊಡುವವರೂ ಕೊಳ್ಳುವವರೂ ಒಪ್ಪಿಕೊಂಡಿರುತ್ತಾರೆ, ಜಗಳವಿಲ್ಲ. ದಿನಕ್ಕೆ ಮೂರು ಅಳತೆ ಮುಗಿಸಿ ಸಂಜೆ ಆದಿಚುಂಚನಗಿರಿ ಕ್ರಾಸಿನಲ್ಲಿ ಟೀ ಕುಡಿದು ಮನೆಗೆ ಬರುತ್ತಿದ್ದೆ. ನನಗೆ ಕೆಲಸ ಕಲಿಸಿದ ಹಿರಿಯ ಸರ್ವೆಯರ್ ಒಮ್ಮೆ ಬೆನ್ನು ತಟ್ಟಿ, "ಏನ್ಲಾ, ಮಿಷಿನ್ ಆಗೋಗಿದ್ದೀಯಲ್ಲೋ!" ಎಂದರು. ಹಿಗ್ಗಿದೆ. ಅವರಿಗೆ ನನ್ನ ಚೀಲದ ತಳದಲ್ಲಿದ್ದ ಫೈಲು ಗೊತ್ತಿರಲಿಲ್ಲ.

ಅದು ಕೆ.ಆರ್. ಪೇಟೆ ತಾಲ್ಲೂಕಿನದು, ಹೇಮಗಿರಿಯ ಹತ್ತಿರ ಹೊಳೆ ಬದಿಯ ಗದ್ದೆ. ಅಣ್ಣ ತಮ್ಮ ಇಬ್ಬರಿಗೂ ಪಕ್ಕಪಕ್ಕದಲ್ಲೇ ಜಮೀನು. ನಡುವಿನ ಬದುವನ್ನು ನೀನು ಒತ್ತಿದೆ, ನೀನು ಒತ್ತಿದೆ ಎಂದು ಜಗಳವಾಡಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಹಳೆಯ ನಕ್ಷೆ ಹಿಡಿದು ಗಡಿ ಹುಡುಕಿ ಕಲ್ಲು ನೆಟ್ಟುಕೊಡಿ ಎಂದು ಅರ್ಜಿ ಹಾಕಿದ್ದವನು ಅಣ್ಣ. ಎಪ್ಪತ್ತು ದಾಟಿದ ಮನುಷ್ಯ. ಪಾಂಡವಪುರಕ್ಕೇ ಹುಡುಕಿಕೊಂಡು ಬಂದು ನಮ್ಮ ಜಗುಲಿಯ ಮೇಲೆ ಕೂತು ಹೇಳಿದ್ದ: "ಕಲ್ಲು ಎಲ್ಲಾದ್ರೂ ಬೀಳ್ಲಿ ಸಾ. ಅವಂದು ತಪ್ಪೋ ನಂದು ತಪ್ಪೋ ಗೊತ್ತಾದ್ರೆ ಒಬ್ರು ಸೋತು ಮಾತಾಡ್ತೀವಿ. ನಾನೇ ಸೋತ್ರೂ ಸೈ."

ಎಷ್ಟು ಸಣ್ಣ ಆಸೆ! ಆದರೆ ನನ್ನ ಕಣ್ಣಿಗೆ ಕಂಡದ್ದು ಲಂಟಾನದ ಪೊದೆ, ಕೆಸರು, ಕಳೆದುಹೋದ ಹಳೆಯ ಕಲ್ಲು, ಇಬ್ಬರ ಕೂಗಾಟ. ಇಡೀ ದಿನ ಹೋದರೂ ಮುಗಿಯದ ಕೆಲಸ ಎಂದುಕೊಂಡೆ. ನಮ್ಮ ಕಸುಬಿನಲ್ಲಿ ತಪ್ಪಿಸಿಕೊಳ್ಳಲು ಒಂದು ಒಳ್ಳೆಯ ವಾಕ್ಯವಿದೆ. ಹೊಲದಲ್ಲಿ ಪೈರು ನಿಂತಿದ್ದರೆ ಚೈನು ಎಳೆಯಲಾಗುವುದಿಲ್ಲ, ಆದ್ದರಿಂದ 'ಬೆಳೆ ಇರುವುದರಿಂದ ಅಳತೆ ಮುಂದೂಡಲಾಗಿದೆ' ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಹೇಮಗಿರಿ ಕಡೆ ಯಾವಾಗಲೂ ಕಬ್ಬು ಇದ್ದೇ ಇರುತ್ತದಲ್ಲ! ಜಾಗಕ್ಕೆ ಹೋಗಿಯೂ ನೋಡದೆ ಮನೆಯಲ್ಲೇ ಕೂತು ಬರೆದೆ. ಅಣ್ಣನಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಅವನು ಆಗಲಿ ಸಾ ಎಂದ.

ಕೆಲವು ತಿಂಗಳ ಮೇಲೆ ಅವನೇ ಫೋನು ಮಾಡಿದ. ದನಿಯಲ್ಲಿ ಗೆಲುವಿತ್ತು.

"ಕಬ್ಬು ಕಡ್ಸ್ಬುಟ್ಟೆ ಸಾ. ಮತ್ತೆ ಚಿಗುರ್ಬಾರ್ದು ಅಂತ ಕೂಳೇನೂ ಕಿತ್ತಾಕಿವ್ನಿ. ನಾಲೇಲಿ ನೀರು ಬಂದೈತೆ, ಎಲ್ರೂ ನಾಟಿ ಆಕ್ತಾವ್ರೆ, ನಾನು ಆಕ್ನಿಲ್ಲ. ನೀವು ಅಳೀಬೇಕಲ್ಲ, ಬೆಳೆ ಇರ್ಬಾರ್ದು ಅಂದಿದ್ರಲ್ಲ."

"ತಮ್ಮನ ಕಡೆ?" ಎಂದೆ. ಅಲ್ಲಾದರೂ ಬೆಳೆ ಇರಲಿ ಎಂದು ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ.

"ಅವನೆಂಡ್ರ ಕೈಲಿ ಯೋಳಿ ಕಳ್ಸಿದ್ದೆ. ಅವನೂ ಪಾಳು ಬುಟ್ಟವ್ನೆ ಸಾ!"

ನನ್ನ ಸೋಮಾರಿತನದ ಒಂದು ವಾಕ್ಯವನ್ನು ನಂಬಿ ಇಬ್ಬರೂ ನೀರಿದ್ದ ಗದ್ದೆಯನ್ನು ಖಾಲಿ ಬಿಟ್ಟು ಕೂತಿದ್ದರು. ಅಷ್ಟೇ ಅಲ್ಲ, ತಮ್ಮನಿಗೂ ಅಣ್ಣನಷ್ಟೇ ಆಸೆಯಿದೆ ಎಂಬುದು ಅಂದೇ ನನಗೆ ಅರ್ಥವಾಗಿತ್ತು. ಮುಂದಿನ ಬುಧವಾರ ಖಂಡಿತ ಬರುತ್ತೇನೆ ಎಂದೆ. ಆ ಬುಧವಾರ ಬೈಕು ಹತ್ತಿದ್ದೂ ನಿಜ. ಆದರೆ ನಾಗಮಂಗಲದ ಕಡೆ ಎರಡು ಸುಲಭದ ಅಳತೆ ಇದ್ದವು. ಬೆಳಿಗ್ಗೆ ಅವನ್ನು ಮುಗಿಸಿಕೊಂಡು ಮಧ್ಯಾಹ್ನ ಹೇಮಗಿರಿಗೆ ಹೋಗೋಣ ಎಂದು ಹೊರಟೆ. ಮುಗಿಸಿದೆ, ಊಟ ಮಾಡಿದೆ, ಇವತ್ತಿಗೆ ಸಾಕಷ್ಟಾಯಿತು ಅನ್ನಿಸಿತು. ಅಣ್ಣ ಎರಡು ಸಲ ಫೋನು ಮಾಡಿದ. ಎತ್ತಲಿಲ್ಲ. ಆ ವಾರ ಹೋಯಿತು, ಅದರ ಮುಂದಿನದೂ ಹೋಯಿತು. ಆಮೇಲೆ ನನಗೆ ಅವನ ಹೆಸರು ನೋಡಿದರೇ ಮುಜುಗರವಾಗತೊಡಗಿತು. ಅವನೂ ಕರೆಯುವುದನ್ನು ಬಿಟ್ಟ.

ಕೊನೆಗೆ ಕಚೇರಿಯಿಂದ ನೋಟಿಸು ಬಂದು ಆ ಫೈಲು ಮುಗಿಸಲೇಬೇಕಾಗಿ ಬಂದಾಗ ನಾನೇ ಫೋನು ಮಾಡಿದೆ. ಸೊಸೆ ಎತ್ತಿದಳು. "ಮಾವ ತೀರ್ಕಂಡ್ರು ಸಾ. ಇಪ್ಪತ್ ದಿನ ಆಯ್ತು."

ಎರಡೇ ದಿನಕ್ಕೆ ಹೋದೆ. ಮನಸ್ಸು ಈಗ ಎಲ್ಲಿಂದ ಬಂತೋ! ತಮ್ಮ ಬಂದಿದ್ದ, ಅಣ್ಣನ ಮಗ ಬಂದಿದ್ದ. ಯಾರೂ ಕೂಗಾಡಲಿಲ್ಲ. ತಮ್ಮನೇ ಕುಡುಗೋಲು ಹಿಡಿದು ಪೊದೆ ಸವರಿದ. ಹಳೆಯ ಕಲ್ಲು ಮಣ್ಣಿನಲ್ಲಿ ಅರ್ಧ ಹೂತು ಅಲ್ಲೇ ಇತ್ತು. ಅಲ್ಲಿಂದ ಚೈನು ಎಳೆದು ನಕ್ಷೆಗೆ ತಾಳೆ ನೋಡಿದರೆ ಬದು ಇದ್ದ ಜಾಗವೇ ಸರಿಯಾದ ಗಡಿ. ಅಣ್ಣನೂ ಒತ್ತಿರಲಿಲ್ಲ, ತಮ್ಮನೂ ಒತ್ತಿರಲಿಲ್ಲ. ಯಾರೂ ಸೋಲಬೇಕಾಗಿರಲಿಲ್ಲ.

"ಇಷ್ಟೇನಾ ಸಾ?" ಎಂದ ತಮ್ಮ.

"ಇಷ್ಟೇ."

"ಒಂದೂವರೆ ಗಂಟೆ ಕೆಲ್ಸ."

ನಾನು ನಕ್ಷೆ ಮಡಚಿದೆ. ಅವನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

"ಮಾತು ಬುಟ್ಟೋರು ಎಂಗೆ ಓಗೋದು ಅಂತ ನಮ್ಮಣ್ಣಂಗೆ ಎಗಲು ಕೊಡ್ನಿಲ್ಲ ಸಾ ನಾನು. ಮಣ್ಣು ಮಾಡೋವಾಗ ಬೇಲಿ ಆಚೆ ನಿಂತ್ಕಂಡಿದ್ದೆ" ಎಂದ.

"ತಪ್ಪಾಯ್ತು ಕಣಪ್ಪ" ಎಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ಎದ್ದು, ಚೈನಿನ ಇನ್ನೊಂದು ತುದಿ ಹಿಡಿದು ಸುತ್ತತೊಡಗಿದ.