ಶುಕ್ರವಾರ ತೊಳೆದ ಮೀನಿನ ತೊಟ್ಟಿ

ಅನುಗೊಂಡನಹಳ್ಳಿಯಲ್ಲಿ ಮುನಿಲಕ್ಷ್ಮಮ್ಮನ ಮನೆಯಷ್ಟು ಚೊಕ್ಕಟವಾದ ಮನೆ ಇನ್ನೊಂದಿಲ್ಲ ಅಂತ ಅವಳನ್ನು ಕಂಡರಾಗದವರೂ ಒಪ್ಪುತ್ತಾರೆ. ಹಸುವಿನ ಕೊಟ್ಟಿಗೆಯಲ್ಲೇ ಎಲೆ ಹಾಕಿ ಉಣ್ಣಬಹುದು, ಹಾಗಿರುತ್ತದೆ. ಶುಕ್ರವಾರ ಬಂತೆಂದರೆ ಅವಳನ್ನು ಹಿಡಿಯುವವರೇ ಇಲ್ಲ. ಹೊಸ್ತಿಲು, ಹಿತ್ತಲು, ದೇವರ ಹಿತ್ತಾಳೆ ಸಾಮಾನು, ಕಿಟಕಿಯ ಸರಳು, ಎಲ್ಲಕ್ಕೂ ನೀರು. ಬಂದ ನೆಂಟರು ಕಾಲು ಎಲ್ಲಿಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತು ಮಾತಾಡಿಸಿಕೊಂಡು ಹೋಗುವುದೂ ಉಂಟು.

ಆ ಮನೆಯಲ್ಲಿ ಅವಳ ಕೈ ತಾಗದೆ ಉಳಿದಿದ್ದದ್ದು ನಡುಮನೆಯ ಮೀನಿನ ತೊಟ್ಟಿ ಮಾತ್ರ. ಅದು ಗಂಡ ಬೈಲಪ್ಪನದು. ಹೊಸಕೋಟೆಗೆ ತರಕಾರಿ ಹೊಡೆಯುವ ಸಣ್ಣ ಟೆಂಪೋ ಅವನದು. ಒಮ್ಮೆ ಲೋಡು ಇಳಿಸಿ ಬರುವಾಗ ಗಾಜಿನ ತೊಟ್ಟಿಯನ್ನೂ ಮಾಲಿ ಅನ್ನುವ ಜಾತಿಯ ಒಂದಿಷ್ಟು ಕಪ್ಪು ಮೀನುಗಳನ್ನೂ ತಂದು ಕೂರಿಸಿದ. ಅದರ ಗಾಜಿಗೆ ಹಸಿರು ಪಾಚಿ, ತಳದ ಕಲ್ಲುಗಳಿಗೆ ಕಂದು ಲೋಳೆ. ನೋಡಿದರೆ ಮುನಿಲಕ್ಷ್ಮಮ್ಮನಿಗೆ ಮೈ ಉರಿಯುತ್ತಿತ್ತು. "ಒಂದ್ಸಲ ತಿಕ್ಬಿಡ್ತೀನಿ" ಅಂದರೆ, "ಅದರ ತಂಟೆಗೆ ಬರಬೇಡ ಕಣೆ" ಅನ್ನುತ್ತಿದ್ದ. ಯಾಕೆ ಅಂತ ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಗಂಡಸಿನ ಸೋಮಾರಿತನ, ಇನ್ನೇನು ಅಂದುಕೊಂಡು ಸುಮ್ಮನಾದಳು.

ಹೋದ ಮಳೆಗಾಲದಲ್ಲಿ ಬೈಲಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಿಂದ ತಂದು ತೊಟ್ಟಿಯ ಎದುರಿಗೆ ಕಬ್ಬಿಣದ ಮಂಚದ ಮೇಲೆ ಮಲಗಿಸಿದರು. ನೋಡಲು ಬಂದವರ ಕಡೆಗೆ ಅವನು ಕಣ್ಣು ಎತ್ತುತ್ತಿರಲಿಲ್ಲ. ಮೀನು ಹೋದ ಕಡೆಗೆ ಮಾತ್ರ ಅವನ ಕಣ್ಣು ಹೊರಳುತ್ತಿತ್ತು. ಅವುಗಳನ್ನು ನೋಡುತ್ತಾ ಇದ್ದರೆ ಒಂದು ಲೋಟ ರಾಗಿ ಅಂಬಲಿ ಒಳಗೆ ಹೋಗುತ್ತಿತ್ತು, ಇಲ್ಲದಿದ್ದರೆ ಹಲ್ಲು ಬಿಗಿ. ಈ ಮೀನು ಇರುವಷ್ಟು ದಿನ ಇವರೂ ಇರುತ್ತಾರೆ ಅನ್ನುವುದು ಮುನಿಲಕ್ಷ್ಮಮ್ಮನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಗಂಡನ ಜೀವ ಹಿಡಿದಿಟ್ಟಿರುವ ತೊಟ್ಟಿ ಕೊಳಕಾಗಿರುವುದು ಅಂದರೇನು? ಪ್ರತಿ ಶುಕ್ರವಾರ ದೇವರ ಸಾಮಾನಿನ ಜೊತೆಗೆ ಅದನ್ನೂ ತೊಳೆಯಲು ಹಿಡಿದಳು. ಮೀನುಗಳನ್ನು ಬೋಸಿಗೆ ಹಾಕಿ, ನೀರನ್ನೆಲ್ಲ ತೋಡಿ ಚೆಲ್ಲಿ, ಗಾಜನ್ನು ತೆಂಗಿನ ನಾರಿನಿಂದ ತಿಕ್ಕಿ, ಕಲ್ಲುಗಳನ್ನು ಅಕ್ಕಿ ತೊಳೆದ ಹಾಗೆ ತೊಳೆದು, ಬೋರ್‌ವೆಲ್ಲಿನ ತಣ್ಣನೆ ನೀರು ತುಂಬಿದಳು. ಒಳ್ಳೆಯದಾಗಲಿ ಅಂತ ಒಂದು ಚಿಟಿಕೆ ಅರಿಶಿನವನ್ನೂ ಹಾಕಿದಳು. ತೊಟ್ಟಿ ಪಳಪಳ ಹೊಳೆಯಿತು.

ಅವಳು ಹಾಗೆ ತೊಳೆಯುವಾಗೆಲ್ಲ ಬೈಲಪ್ಪ ಎಡಗೈ ಗೆಣ್ಣಿನಿಂದ ಮಂಚದ ಕಂಬಿ ಬಡಿಯುತ್ತಿದ್ದ. ಕಾಫಿ ತಂದರೆ ಬೇಡ. ಬೆಡ್‌ಪ್ಯಾನ್ ಇಟ್ಟರೆ ಮುಖ ಗೋಡೆಗೆ ತಿರುಗಿಸುತ್ತಿದ್ದ. ಬೆನ್ನು ಕೆರೆದರೂ ಬಡಿತ ನಿಲ್ಲುತ್ತಿರಲಿಲ್ಲ. ಶುಕ್ರವಾರವೇ ಹೀಗಾಡುತ್ತಾರೆಂದರೆ ಯಾರದೋ ಕಣ್ಣು ಬಿದ್ದಿದೆ ಅಂತ ಅವಳು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಅವನು ಕೆಮ್ಮಿದ. ದೃಷ್ಟಿ ಇಳಿಯಿತು ಅಂತ ಅವಳಿಗೆ ಸಮಾಧಾನವಾಯಿತು.

ಸಂಕ್ರಾಂತಿಯ ಚಳಿಯಲ್ಲಿ ಮೀನುಗಳಿಗೆ ಸೀಕು ಬಂತು. ಕಪ್ಪು ಮೈಮೇಲೆ ಪುಡಿ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕಿಗಳು. ರೆಕ್ಕೆ ಮುದುರಿಕೊಂಡು ತಳದಲ್ಲಿ ನಿಲ್ಲುತ್ತಿದ್ದವು, ಮೈಯನ್ನು ಕಲ್ಲಿಗೆ ಉಜ್ಜುತ್ತಿದ್ದವು. ಒಂದು ಸತ್ತು ತೇಲಿತು. ತನ್ನ ತೊಳೆತ ಸಾಲದಾಯಿತು ಅಂತ ಮುನಿಲಕ್ಷ್ಮಮ್ಮ ಮಂಗಳವಾರವೂ ತೊಳೆದಳು. ಮತ್ತೆರಡು ತೇಲಿದವು. ಬೈಲಪ್ಪ ಅಂಬಲಿ ಬಿಟ್ಟ. ಚಮಚ ತುಟಿಗೆ ಇಟ್ಟರೆ ಗಲ್ಲದ ಮೇಲೆ ಇಳಿದು ಹೋಗುತ್ತಿತ್ತು.

ಪಕ್ಕದ ಮನೆಯವರನ್ನು ಗಂಡನ ಬಳಿ ಕೂರಿಸಿ, ಒಂದು ಮೀನನ್ನು ನೀರು ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಹೊಸಕೋಟೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅದನ್ನು ಮಡಿಲಿನಲ್ಲಿ ಸೆರಗು ಮುಚ್ಚಿ ಇಟ್ಟುಕೊಂಡಿದ್ದಳು. ಬೈಲಪ್ಪ ಮೀನು ಕೊಳ್ಳುತ್ತಿದ್ದದ್ದು ಕೆಂಪರಾಜ್ ಅನ್ನುವವನ ಅಂಗಡಿಯಲ್ಲಿ. ಅವನು ಕವರನ್ನು ಬೆಳಕಿಗೆ ಹಿಡಿದು ನೋಡಿದ.

"ಬಿಳಿ ಚುಕ್ಕಿ ರೋಗ ಅಕ್ಕ. ವಾಸಿ ಆಗುತ್ತೆ. ನೀರು ಹೆಂಗೆ ಬದಲಾಯಿಸ್ತೀರ?"

ಮುನಿಲಕ್ಷ್ಮಮ್ಮ ತಾನು ಮಾಡುವುದನ್ನೆಲ್ಲ ಹೇಳಿದಳು. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ಕೆಂಪರಾಜ್ ತಲೆ ತಗ್ಗಿಸಿದ.

"ಪೂರ್ತಿ ಚೆಲ್ಲಬಾರ್ದು ಅಕ್ಕ. ಆ ಕಲ್ಲಿನ ಲೋಳೆ ಇದೆ ನೋಡಿ, ನೀರಿನ ವಿಷ ಮುರಿಯೋದೇ ಅದು. ಅದನ್ನೇ ತೊಳೆದ್ಬಿಟ್ಟು, ಚಳೀಲಿ ತಣ್ಣೀರು ಹಾಕಿದ್ರೆ ಮೀನಿಗೆ ಕಸುವು ಎಲ್ಲಿಂದ ಬರ್ಬೇಕು? ಕಾಲು ಭಾಗ ತೆಗೀರಿ, ಕಾಲು ಭಾಗ ಹಾಕಿ, ಅಷ್ಟೇ. ಬೈಲಪ್ಪಣ್ಣನಿಗೆ ಇದೆಲ್ಲ ಚೆನ್ನಾಗ್ ಗೊತ್ತಲ್ಲ. ಹೇಳ್ಲಿಲ್ವ ಅವ್ರು?"

"ಅವ್ರಿಗೆ ಮಾತಿಲ್ಲಪ್ಪ" ಅಂದಳು. ಅಂದ ಕೂಡಲೇ ಅವಳಿಗೆ ಎಲ್ಲ ತಿಳಿದುಹೋಯಿತು. ಅಂಗಡಿಯ ಸ್ಟೂಲಿನ ಮೇಲೆ ಹಾಗೇ ಕೂತುಬಿಟ್ಟಳು. ಗಂಡ ಹೇಳಿದ್ದ, ಪ್ರತಿ ವಾರವೂ ಹೇಳಿದ್ದ, ಗೆಣ್ಣು ಕೆಂಪಾಗುವವರೆಗೆ ಹೇಳಿದ್ದ.

ಔಷಧಿಯ ಸೀಸೆ, ನೀರು ಬೆಚ್ಚಗಿಡುವ ಸಣ್ಣ ಹೀಟರು ತೆಗೆದುಕೊಂಡು ಮನೆಗೆ ಬಂದು, ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಇದಕ್ಕೇನಾ ನೀವು ಬಡೀತಿದ್ದಿದ್ದು?"

ಬೈಲಪ್ಪ ಅವಳನ್ನೇ ನೋಡಿದ. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಒರೆಸಲು ಸೆರಗು ಎತ್ತಿದವಳು ಕೈ ತಡೆದುಕೊಂಡಳು.

ಔಷಧಿಯನ್ನು ಅವನ ಎದುರಿಗೇ ತೊಟ್ಟು ತೊಟ್ಟಾಗಿ ಹಾಕಿದಳು. ಅವನು ಕಂಬಿ ಬಡಿದ ಕೂಡಲೇ ನಿಲ್ಲಿಸಿದಳು. ಮುಂದಿನ ಶುಕ್ರವಾರ ಮನೆಯೆಲ್ಲ ತೊಳೆದು ತೊಟ್ಟಿಯನ್ನು ಬಿಟ್ಟಳು. ಬಿಡುವುದು ಸುಲಭವಾಗಿರಲಿಲ್ಲ, ನಾರು ಹಿಡಿದು ಎರಡು ಸಲ ಹತ್ತಿರ ಹೋಗಿ ಹಿಂದೆ ಬಂದಳು. ಮೀನುಗಳಲ್ಲಿ ಎರಡು ಉಳಿದವು. ಚುಕ್ಕಿ ಉದುರಿ, ರೆಕ್ಕೆ ಬಿಚ್ಚಿ ಮೇಲಕ್ಕೆ ಬಂದವು. ಬೈಲಪ್ಪ ಅರ್ಧ ಲೋಟ ಅಂಬಲಿ ಕುಡಿದ.

ಆ ಸಂಜೆ ಅವಳು ಲೋಟ ತೊಳೆಯಲು ಏಳಲಿಲ್ಲ.

"ಇನ್ನೂ ಏನೇನ್ ಬೇಡವಾಗಿತ್ತು ನಿಮ್ಗೆ? ನಾನ್ ಕೇಳ್ತೀನಿ, ಬೇಡದ್ದಕ್ಕೆ ಬಡೀರಿ" ಅಂದಳು. "ಕತ್ಲಲ್ಲೇ ಎಬ್ಬಿಸಿ ಮೈ ಒರೆಸೋದು?"

ಬಡಿದ.

"ಬಂದೋರಿಗೆಲ್ಲ ನಿಮ್ಮನ್ನ ಎತ್ತಿ ಕೂರ್ಸಿ ತೋರ್ಸೋದು?"

ಜೋರಾಗಿ ಬಡಿದ.

"ಮೆಣಸಿನ್ಕಾಯ್ ಘಾಟು?"

ಬಡಿದ. ಅವನ ಬಾಯಿಯ ಎಡಗಡೆ ಸ್ವಲ್ಪ ಅಲುಗಿತು. ಅವಳಿಗೂ ನಗು ಬಂತು, ಆಮೇಲೆ ಅಳು ಬಂತು. ಇಷ್ಟು ತಿಂಗಳು ಈ ಮನುಷ್ಯ ಬೇಡ ಬೇಡ ಅನ್ನುತ್ತಲೇ ಇದ್ದ. ಅವಳು ಮಾತ್ರ ತಿಕ್ಕುತ್ತಲೇ ಇದ್ದಳು. ಮುಂದಿನದನ್ನು ಕೇಳಲು ಅವಳಿಗೆ ಭಯವಾಯಿತು. ಕೇಳದೆ ಇರಲೂ ಆಗಲಿಲ್ಲ.

"ನಾನು?"

ಬೈಲಪ್ಪನ ಕೈ ಕಂಬಿಯಿಂದ ಮೇಲೆದ್ದಿತು. ಮುನಿಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡಳು. ಬಡಿತ ಕೇಳಿಸಲಿಲ್ಲ. ಆ ಕೈ ತಡವರಿಸುತ್ತಾ ಕೆಳಗೆ ಬಂದು, ನೀರಿನಲ್ಲಿ ನೆನೆದು ನೆನೆದು ಬಿರುಕು ಬಿಟ್ಟಿದ್ದ ಅವಳ ಬೆರಳುಗಳನ್ನು ಹಿಡಿದುಕೊಂಡಿತು.