ಪ್ರಳಯದ ನಂತರ ಬದುಕುಳಿಯುವ ಕುರಿತು ಕೆಲವು ಸೂಚನೆಗಳು

ಮಾನ್ಯ ಓದುಗರ ಸನ್ನಿಧಿಯಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಕಳೆದ ಮಳೆಗಾಲದಲ್ಲಿ ನಾನು ಅನೇಕ ಬಾರಿ ಸತ್ತಿರುತ್ತೇನೆ. ಸದರಿ ಮರಣಗಳೆಲ್ಲವೂ ಮುಂಬಯಿಯ ಬಾಂದ್ರಾದಲ್ಲಿರುವ ನಮ್ಮ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ, ಊಟದ ವಿರಾಮದಲ್ಲಿ, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದ ಸ್ಥಿತಿಯಲ್ಲಿ ಸಂಭವಿಸಿದವು. ಯಾವ ಮರಣದಿಂದಲೂ ಕಚೇರಿಯ ಕೆಲಸಕ್ಕೆ ಅಡಚಣೆಯಾಗಿಲ್ಲವೆಂಬುದನ್ನು ಮೊದಲಿಗೇ ಸ್ಪಷ್ಟಪಡಿಸುತ್ತೇನೆ.

ಪ್ರಬಂಧವೆಂಬುದನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಕಚೇರಿಯಲ್ಲಿ ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇದುವರೆಗೆ ಬರೆದಿರುವುದು ಮಲಾಡಿನ ನಮ್ಮ ಕನ್ನಡ ಸಂಘದ ಸಭಾಸೂಚನೆಗಳನ್ನು ಮಾತ್ರ. ಆದ್ದರಿಂದ ನಡುವೆ ಎಲ್ಲಿಯಾದರೂ ‘ಸದರಿ’, ‘ಮೇಲ್ಕಂಡ’ ಮುಂತಾದ ಮಾತುಗಳು ಕಾಲಿಗೆ ತೊಡರಿದರೆ, ಸಂಘದ ಸಭೆಯಲ್ಲಿ ಮಾಡುವಂತೆ ಕುರ್ಚಿಯನ್ನು ತುಸು ಸರಿಸಿಕೊಂಡು ಮುಂದೆ ಸಾಗಬೇಕಾಗಿ ಕೋರಿಕೆ. ಈ ಅಭ್ಯಾಸ ಮನೆಯೊಳಗೂ ಬಂದಿದೆ ಎಂಬುದು ನನ್ನ ಹೆಂಡತಿ ಸರಸಳ ದೂರು. “ಉಪ್ಪಿಟ್ಟು ಹೇಗಿದೆ ಅಂತ ಕೇಳಿದ್ರೆ, ಪರಿಶೀಲಿಸಿ ತಿಳಿಸಲಾಗುವುದು ಅನ್ನೋ ಥರ ಮುಖ ಮಾಡ್ತೀರಲ್ಲ!” ಎನ್ನುತ್ತಾಳೆ. ಪರಿಶೀಲಿಸದೆ ಅಭಿಪ್ರಾಯ ಕೊಡುವುದು ಹೇಗೆಂದು ನನಗೆ ಈಗಲೂ ತಿಳಿಯದು.

ವಿಷಯಕ್ಕೆ ಬರುತ್ತೇನೆ. ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಿತು. ಅದಕ್ಕೆ ಗಾಜಿನ ಬಾಗಿಲಿನ ಕೋಣೆ, ಪರದೆ, ನಮಗಾರಿಗೂ ಇಲ್ಲದ ತಂಪುಯಂತ್ರ, ಎಲ್ಲವನ್ನೂ ಒದಗಿಸಲಾಯಿತು. ದೇವರ ಕೋಣೆಗೆ ಹೋಗುವಂತೆ ಬರಿಗಾಲಲ್ಲಿ ಒಳಗೆ ಹೋಗಬೇಕು. ಅದರ ಬೆನ್ನಿಗೇ ನಮ್ಮ ಮ್ಯಾನೇಜರ್ ಸಾಹೇಬರ ಅಪ್ಪಣೆಯೂ ಹೊರಟಿತು: ದಸರೆಯ ಒಳಗೆ ಪ್ರತಿಯೊಬ್ಬ ಹಿರಿಯ ಗುಮಾಸ್ತನೂ ಅವರೆದುರು ಆ ಯಂತ್ರದಲ್ಲಿ ಒಂದು ಪತ್ರವನ್ನು ತಯಾರಿಸಿ, ತಿದ್ದಿ, ಅಚ್ಚುಹಾಕಿ ತೋರಿಸತಕ್ಕದ್ದು, ಆಗದವರನ್ನು ಥಾಣೆಯಾಚೆಯ ಗೋದಾಮಿಗೆ ವರ್ಗಾಯಿಸಲಾಗುವುದು. ನಮ್ಮ ಮನೆಯಿರುವ ಮಲಾಡಿನಿಂದ ಆ ಗೋದಾಮಿಗೆ ಹೋಗಬೇಕೆಂದರೆ ಮೊದಲು ದಕ್ಷಿಣಕ್ಕೆ ದಾದರಿಗೆ ಬಂದು, ಸೇತುವೆ ದಾಟಿ, ಇನ್ನೊಂದು ಮಾರ್ಗದ ಲೋಕಲ್ ರೈಲು ಹಿಡಿದು ಮತ್ತೆ ಉತ್ತರಕ್ಕೆ ಹೋಗಿ, ಅಲ್ಲಿಂದ ಬಸ್ಸಿಗೆ ಕಾಯಬೇಕು. “ಹಾಗಾದ್ರೆ ಇನ್ನು ಭಾನುವಾರ ಮಾತ್ರ ನಿಮ್ಮ ದರ್ಶನ,” ಎಂದಳು ಸರಸ. “ಮಗಳು ಯಾರೋ ನೆಂಟ್ರು ಬಂದಿದಾರೆ ಅಂತ ಕಾಫಿ ತಂದುಕೊಡ್ತಾಳೆ, ಅಷ್ಟೆ.” ತಮಾಷೆಯಾಗಿ ಹೇಳಿದಳಾದರೂ ಆ ದಿನ ಸಾರಿಗೆ ಉಪ್ಪು ಹಾಕಿರಲಿಲ್ಲ.

ನನ್ನ ಅಡಚಣೆ ಒಂದೇ: ಭಯ. ಟೈಪ್‌ರೈಟರಿನ ಮೇಲೆ ನನ್ನ ಬೆರಳುಗಳು ನಿದ್ದೆಯಲ್ಲೂ ಓಡುತ್ತಿದ್ದವು. ಆದರೆ ತಪ್ಪು ಗುಂಡಿಯೊಂದನ್ನು ಒತ್ತಿದರೆ ಕಚೇರಿಯ ಸಮಸ್ತ ಲೆಕ್ಕಪತ್ರವೂ ಅಳಿಸಿಹೋಗಿ, ಸಾಹೇಬರು ಓಡಿಬರುವರೆಂದು ನಾನು ಆ ಯಂತ್ರವನ್ನು ದೂರದಿಂದಲೇ ನೋಡುತ್ತಿದ್ದೆ. ಯಂತ್ರದ ಉಸ್ತುವಾರಿ ಜಯಶ್ರೀ ಶೆಟ್ಟಿ ಎಂಬ ಹುಡುಗಿಯದು; ಊರು ಉಡುಪಿಯ ಕಡೆ, ಬೆಳೆದದ್ದು ಬೊರಿವಲಿಯಲ್ಲಿ. ಒಂದು ಮಧ್ಯಾಹ್ನ ಬಾಗಿಲ ಬಳಿ ನಿಂತಿದ್ದ ನನ್ನನ್ನು ಒಳಗೆ ಕರೆದಳು.

“ಎಂತ ಸರ್, ಅದು ಕಚ್ಚುವುದಿಲ್ಲ ಮಾರಾಯ್ರೆ. ಯಂತ್ರ ಕೂಡಿಸಲಿಕ್ಕೆ ಬಂದವರು ಒಂದು ಗೇಮ್ ಹಾಕಿಕೊಟ್ಟು ಹೋಗಿದ್ದಾರೆ. ಅದನ್ನು ಸ್ವಲ್ಪ ಆಡಿ, ಕೈ ಹಗುರ ಆಗ್ತದೆ.”

“ಆಟವೇ? ಅನುಮತಿ ಉಂಟೇ?” ಎಂದೆ.

“ಲಂಚ್ ಟೈಮಿಗೆ ಎಂತ ಪರ್ಮಿಷನ್ ಸರ್? ಕೂತ್ಕೊಳ್ಳಿ.”

ಆಟದ ಸ್ವರೂಪವನ್ನು ಇಲ್ಲಿ ವಿವರಿಸುವುದು ಸೂಕ್ತ. ಅದರಲ್ಲಿ ಚಿತ್ರಗಳಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಇಂಗ್ಲಿಷ್ ಅಕ್ಷರಗಳು ಮಾತ್ರ. ಲೋಕವು ಯಾವುದೋ ಮಹಾಯುದ್ಧದಲ್ಲಿ ನಾಶವಾಗಿದೆ. ತಾವು ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಒಬ್ಬರೇ ಉಳಿದಿದ್ದೀರಿ. ಒಂದು ಟಾರ್ಚು, ಒಂದು ಬಾಟಲಿ ನೀರು, ಎದುರಿಗೆ ಮುಚ್ಚಿದ ಬಾಗಿಲು. ಏನು ಮಾಡುತ್ತೀರೆಂದು ಯಂತ್ರ ಕೇಳುತ್ತದೆ. ಟೈಪು ಮಾಡಿ ತಿಳಿಸಬೇಕು. ನಮ್ಮ ಹಿರಿಯರು ಕಲ್ಪಿಸಿಕೊಂಡ ಪ್ರಳಯದಲ್ಲಿ ಎಲ್ಲೆಲ್ಲೂ ನೀರು. ಈ ಯಂತ್ರದ ಪ್ರಳಯದಲ್ಲಿ ಎಲ್ಲೆಲ್ಲೂ ನೀರಿಲ್ಲ. ಮುಂಬಯಿಯ ಉಪನಗರಗಳಲ್ಲಿ ಸಂಸಾರ ಮಾಡುವವರಿಗೆ ಎರಡೂ ಹೊಸತಲ್ಲ. ಜುಲೈನಲ್ಲಿ ಮೊದಲನೆಯದನ್ನೂ ಮೇ ತಿಂಗಳಲ್ಲಿ ಎರಡನೆಯದನ್ನೂ ನಾವು ಪ್ರತಿವರ್ಷ ಕಂಡು, ಮಾರನೆಯ ದಿನ ಕೆಲಸಕ್ಕೆ ಹಾಜರಾಗುತ್ತೇವೆ.

ಮೊದಲ ದಿನ ಬಾಗಿಲಿನೆದುರು ನಾನು ಟೈಪು ಮಾಡಿದ್ದು: ದಯವಿಟ್ಟು ಮೇಲ್ಕಂಡ ಬಾಗಿಲನ್ನು ಆದಷ್ಟು ಬೇಗ ತೆರೆಯುವ ಕೃಪೆ ಮಾಡಬೇಕಾಗಿ ವಿನಂತಿ. ಸಹಜವಾಗಿಯೇ ಇಂಗ್ಲಿಷಿನಲ್ಲಿ. ತಮ್ಮ ಮಾತು ಅರ್ಥವಾಗಲಿಲ್ಲವೆಂದು ಯಂತ್ರ ಉತ್ತರಿಸಿತು. ಸೌಜನ್ಯ ಸಾಲದಾಯಿತೇನೋ ಎಂದು ವಿನಂತಿಯನ್ನು ಇನ್ನಷ್ಟು ವಿಸ್ತರಿಸಿದೆ. ಮತ್ತೆ ಅದೇ ಉತ್ತರ. ಈ ಪತ್ರವ್ಯವಹಾರ ನಡೆಯುತ್ತಿದ್ದಂತೆಯೇ, ತಮಗೆ ಬಾಯಾರಿಕೆಯಾಗಿದೆ ಎಂದಿತು. ಕಡೆಗೆ, ತಾವು ಸತ್ತಿದ್ದೀರಿ ಎಂದಿತು.

ಜಯಶ್ರೀ ಬಾಯಿಗೆ ಕರವಸ್ತ್ರ ಹಿಡಿದುಕೊಂಡಿದ್ದಳು. “ಅದಕ್ಕೆ ಮರ್ಯಾದೆ ಎಲ್ಲ ಗೊತ್ತಾಗುದಿಲ್ಲ ಸರ್. ಎರಡು ಶಬ್ದ ಸಾಕು. ‘ಓಪನ್ ಡೋರ್’. ಅರ್ಥ ಆಗದ ಮಾತಿಗೂ ಅದು ಟೈಮ್ ಕಟ್ ಮಾಡ್ತದೆ.”

ಆದ್ದರಿಂದ ಪ್ರಳಯೋತ್ತರ ಕಾಲದ ಮೊದಲ ಸೂಚನೆ: ಹೇಳುವುದನ್ನು ಚಿಕ್ಕದಾಗಿ ಹೇಳತಕ್ಕದ್ದು. ಈ ಸೂಚನೆಯನ್ನು ನಾನು ಆಟದಲ್ಲಿ ಪಾಲಿಸಿದೆ; ಈ ಪ್ರಬಂಧದಲ್ಲಿ ಪಾಲಿಸಲಾಗಿಲ್ಲವೆಂಬುದು ತಮ್ಮ ಗಮನಕ್ಕೆ ಬಂದೇ ಇರುತ್ತದೆ.

ಬಾಗಿಲು ತೆರೆಯಿತು, ಆಚೆಗೆ ಮೆಟ್ಟಿಲುಗಳಿದ್ದವು, ನಾನು ಮತ್ತೆ ಸತ್ತೆ. ಪುನಃ ಆಡಿದೆ, ಪುನಃ ಸತ್ತೆ. ಪ್ರತಿ ಬಾರಿಯೂ ಅದೇ ಕಾರಣ, ಬಾಯಾರಿಕೆ. ಜಯಶ್ರೀ ಬಂದು ನನ್ನ ಚೀಲದಲ್ಲಿ ಏನೇನಿದೆಯೆಂದು ಯಂತ್ರವನ್ನು ಕೇಳಿದಳು. ಪಟ್ಟಿಯ ಮೊದಲಲ್ಲೇ ಇತ್ತು: ನೀರಿನ ಬಾಟಲಿ, ತುಂಬಿದೆ.

“ಅಯ್ಯೋ ದೇವರೇ! ನೀರು ಕುಡಿಯಲೇ ಇಲ್ವಾ?”

“ನಾಳೆಗೆ ಬೇಕಾಗುತ್ತದಲ್ಲ,” ಎಂದೆ.

“ಸತ್ತವರಿಗೆ ಎಂತ ನಾಳೆ ಸರ್?”

ಅವಳ ತರ್ಕ ಸರಿಯಾದದ್ದೇ. ಆದರೆ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ನಲ್ಲಿ ಬರುವುದು ಬೆಳಗಿನ ಜಾವ ಸ್ವಲ್ಪ ಹೊತ್ತು. ಡ್ರಮ್ಮು, ಕೊಡ, ಕುಕ್ಕರು, ಹಬ್ಬದ ಪಾತ್ರೆ, ಎಲ್ಲವನ್ನೂ ತುಂಬಿಟ್ಟು, ತಟ್ಟೆ ಮುಚ್ಚಿ, ಮಗಳು ಲೋಟ ಅದ್ದಲು ಹೋದರೆ “ಅದು ಬೇಡ, ಅದು ಇರ್ಲಿ” ಎನ್ನುವ ಮನೆ ನಮ್ಮದು. ಮಾರನೆಯ ದಿನ ನಲ್ಲಿ ಬಂದಾಗ, ಯಾರೂ ಕುಡಿಯದ ಆ ನೀರನ್ನು ಚೆಲ್ಲಿ ಹೊಸದನ್ನು ತುಂಬುತ್ತೇವೆ. ತುಂಬಿದ ಪಾತ್ರೆಯನ್ನು ಕಾಣುವುದೇ ನಮಗೆ ಅರ್ಧ ದಾಹ ತೀರಿದಂತೆ. ಸಂಜೆ ಸರಸಳಿಗೆ ನನ್ನ ಮರಣದ ವೃತ್ತಾಂತವನ್ನು ಹೇಳಿದೆ. ನಗುವಳೆಂದುಕೊಂಡಿದ್ದೆ. ಅವಳು ಗಂಭೀರವಾಗಿ, “ಸರಿಯಾಗೇ ಮಾಡಿದೀರಿ. ಇದ್ದಬದ್ದದ್ದೆಲ್ಲ ಕುಡಿದ್ಬಿಟ್ರೆ ಆಮೇಲೇನ್ ಗತಿ?” ಎಂದಳು. ಪಕ್ಕದಲ್ಲಿದ್ದ ಮಗಳು, “ಅಮ್ಮಾ, ಅಪ್ಪ ಮರ್ ಗಯಾ ಉಸ್ ಮೇ!” ಎಂದು, ಆಟದಲ್ಲಿ ನಾನು ಸತ್ತದ್ದನ್ನು ಅವಳಿಗೆ ನೆನಪಿಸಬೇಕಾಯಿತು.

ಎರಡನೆಯ ಸೂಚನೆ ಹೀಗೆ ಸಿದ್ಧವಾಯಿತು: ಬಾಯಾರಿಕೆಯಾಗಿದೆ ಎಂದು ಯಂತ್ರ ತಿಳಿಸಿದ ಕೂಡಲೇ ನೀರು ಕುಡಿಯತಕ್ಕದ್ದು. ಮೇಲಿನ ಅಂತಸ್ತಿನಲ್ಲಿ ತೊಟ್ಟಿಯೊಂದಿದೆ. ಖಾಲಿ ಬಾಟಲಿ ಇದ್ದವರಿಗೆ ಮಾತ್ರ ಅದರಿಂದ ತುಂಬಿಕೊಳ್ಳಲು ಅವಕಾಶ. ಮೂರನೆಯದು ಹೊರೆಯ ಕುರಿತು. ಕಂಡದ್ದನ್ನೆಲ್ಲ ಎತ್ತಿಕೊಂಡರೆ ಏಣಿ ಹತ್ತಲಾಗದು. ನಾನು ಹರಿದ ಕಂಬಳಿ, ಒಡೆದ ಲಾಂದ್ರ, ಖಾಲಿ ಡಬ್ಬಿಗಳನ್ನೆಲ್ಲ ಹೊತ್ತುಕೊಂಡು ಏಣಿಯ ಕೆಳಗೆ ಬಹಳ ಹೊತ್ತು ನಿಂತಿದ್ದೇನೆ. ಡಬ್ಬಿಗಳನ್ನು ಕೆಳಗಿಡಲು ಕೈ ಬರಲಿಲ್ಲ. ನಮ್ಮ ಮನೆಯ ಅಟ್ಟವನ್ನು ನೋಡಿದವರು ನನ್ನನ್ನು ಕ್ಷಮಿಸುತ್ತಾರೆ. ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು: ಯಾವುದೇ ಬಾಗಿಲನ್ನು ತೆರೆಯುವ ಮುನ್ನ ಅಲ್ಲಿಯವರೆಗಿನ ಬದುಕನ್ನು ಫ್ಲಾಪಿಯಲ್ಲಿ ಉಳಿಸಿಡತಕ್ಕದ್ದು. ಆಗ ಸತ್ತರೂ ನೆಲಮಾಳಿಗೆಗೆ ಮರಳಬೇಕಾಗಿಲ್ಲ. ಬಾಗಿಲಿನ ಬಳಿಯೇ ಎದ್ದು ನಿಲ್ಲುತ್ತೀರಿ. ಇಂಥ ಸೌಲಭ್ಯ ಜೀವನದಲ್ಲಿ ಇಲ್ಲವೆಂದು ಯಾರೂ ವ್ಯಥೆಪಡಬೇಕಾಗಿಲ್ಲ. ಸತ್ತು ಸತ್ತು ನನಗೆ ಒದಗಿದ ಲಾಭ ಬೇರೆಯೇ ಇತ್ತು: ತಪ್ಪು ಗುಂಡಿ ಒತ್ತಿದರೆ ಆಗುವುದು ಇಷ್ಟೇ ತಾನೇ ಎಂಬ ಸಮಾಧಾನ.

ಪರೀಕ್ಷೆಯ ದಿನ ಬಂದಿತು. ಸಾಹೇಬರು ಬರಿಗಾಲಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಜಯಶ್ರೀ ಸಹಾಯ ಮಾಡಕೂಡದೆಂದು ದೂರ ಬಾಗಿಲ ಪರದೆಯ ಬಳಿ ನಿಂತಳು. ಸರಕು ತಲುಪಲು ತಡವಾದುದಕ್ಕೆ ಗಿರಾಕಿಯೊಬ್ಬರ ಕ್ಷಮೆ ಕೋರುವ ಪತ್ರ ನನ್ನ ಪಾಲಿಗೆ ಬಂದಿತ್ತು; ಕ್ಷಮೆ ಕೋರುವುದರಲ್ಲಿ ನನಗೆ ಸಾಕಷ್ಟು ಅನುಭವವಿದೆ. ಕೊನೆಯ ಪರಿಚ್ಛೇದದಲ್ಲಿದ್ದಾಗ ಯಾವ ಗುಂಡಿಗೆ ಬೆರಳು ತಾಗಿತೋ, ಪತ್ರ ಮಾಯವಾಯಿತು. ಪರದೆ ಕಪ್ಪಾಯಿತು.

ಸಾಹೇಬರು ಬಿಸಿ ಪಾತ್ರೆ ಮುಟ್ಟಿದವರಂತೆ ಎರಡೂ ಕೈಗಳನ್ನು ಮೇಜಿನಿಂದೆತ್ತಿ ಎದ್ದು ನಿಂತರು. ಜಯಶ್ರೀ ಕಣ್ಣು ಮುಚ್ಚಿಕೊಂಡಳು. ಗೋದಾಮು ನನ್ನ ಕಣ್ಣೆದುರು ಬಂದು ನಿಂತಿತು. ದಾದರಿನ ಸೇತುವೆಯೂ ಬಂದಿತು. ಆದರೆ ನಾನು ಕುಳಿತೇ ಇದ್ದೆ. ಒಂದು ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ಇನ್ನೊಂದು ಒತ್ತಿದೆ, ಯಂತ್ರ ಗದರಿತು. ಪ್ರತಿ ಪರಿಚ್ಛೇದಕ್ಕೂ ಮುನ್ನ ಪತ್ರವನ್ನು ಉಳಿಸಿಟ್ಟಿದ್ದು ನೆನಪಾಗಿ, ಅದನ್ನು ಹೆಸರು ಹಿಡಿದು ಕರೆದೆ. ಕೊನೆಯ ಕೆಲವು ಸಾಲುಗಳನ್ನು ಬಿಟ್ಟು ಉಳಿದದ್ದೆಲ್ಲ ಬಂದಿತು. ಆ ಸಾಲುಗಳನ್ನು ಮತ್ತೆ ಬರೆದೆ. ಮುದ್ರಣಯಂತ್ರ ಕರ್ಕಶವಾಗಿ ಕಿರುಚುತ್ತ ಕಾಗದವನ್ನು ಹೊರಹಾಕಿತು. ಅಷ್ಟು ಇಂಪಾದ ಸದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

“ಡರ್ ನಹೀಂ ಲಗಾ?” ಎಂದು ಸಾಹೇಬರು ಕೇಳಿದರು.

“ಲಗಾ ಸಾಹೇಬ್. ಲೇಕಿನ್ ಬೈಠಾ ರಹಾ,” ಎಂದೆ. ಹೆದರಿದೆ, ಆದರೆ ಏಳಲಿಲ್ಲ.

ಅವರು ಪತ್ರಕ್ಕೆ ಸಹಿ ಹಾಕಿದರು. ನಾನು ಬಾಂದ್ರಾದಲ್ಲೇ ಇರತಕ್ಕದ್ದೆಂದರು. ಜಯಶ್ರೀ ಕಾಗದವನ್ನು ಫೈಲಿಗೆ ಸೇರಿಸಲು ಹೊರಗೆ ಹೋದಳು. ಅವಳು ಹೋದದ್ದನ್ನು ಖಚಿತಪಡಿಸಿಕೊಂಡು, ಸಾಹೇಬರು ಕುರ್ಚಿಯನ್ನು ನನ್ನ ಹತ್ತಿರಕ್ಕೆಳೆದು ತಗ್ಗಿದ ದನಿಯಲ್ಲಿ ಹೇಳಿದರು: “ಉಸ್ ಗೇಮ್ ಮೇ ಮೈಂ ತೋ ಸೀಢೀ ಪರ್ ಹೀ ಮರ್ ಜಾತಾ ಹೂಂ.” ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಅವರೂ ಇಲ್ಲಿಗೆ ಬಂದು, ಮೆಟ್ಟಿಲಿನ ಮೇಲೆಯೇ ದಿನವೂ ಪ್ರಾಣಬಿಡುತ್ತಿದ್ದರೆಂದು ಆಗ ತಿಳಿಯಿತು.

“ಪಾನಿ ಪಿಯಾ, ಸಾಹೇಬ್?” ನೀರು ಕುಡಿದಿರಾ ಎಂದು ವಿಚಾರಿಸಿದೆ.

ಸಾಹೇಬರು ಬಾಗಿಲ ಕಡೆ ಒಮ್ಮೆ ನೋಡಿಕೊಂಡರು. “ಬಚಾಕೇ ರಖಾ ಹೈ,” ಎಂದರು. ಉಳಿಸಿಟ್ಟಿದ್ದಾರಂತೆ. ಅವರ ಮನೆಗೂ ನಲ್ಲಿ ಬೆಳಗಿನ ಜಾವವೇ ಬರುತ್ತಿರಬೇಕು.

ಆ ಸಂಜೆ ಬಾಂದ್ರಾದಲ್ಲಿ ನಾನು ಹತ್ತಿದ ಲೋಕಲಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಸಾಮಾನ್ಯವಾಗಿ ನಾನು ಹಿಂದಿನ ನಿಲ್ದಾಣವಾದ ಗೋರೆಗಾಂವ್ ಬರುವ ಮೊದಲೇ ಎದ್ದು, ಚೀಲವನ್ನು ಎದೆಗವಚಿಕೊಂಡು, “ಮಲಾಡ್? ಮಲಾಡ್?” ಎಂದು ಮುಂದಿನವರನ್ನೆಲ್ಲ ಕೇಳುತ್ತ ಬಾಗಿಲ ಬಳಿ ನಿಲ್ಲುವವನು. ಅಂದು ಗಾಳಿಗೆ ಮುಖವೊಡ್ಡಿ ಕುಳಿತಿದ್ದೆ. ಮಲಾಡ್ ಬಂದಿತು, ಜನ ಇಳಿದರು, ಹತ್ತಿದರು, ಗಾಡಿ ಹೊರಟಿತು. ಹೊರಟ ಮೇಲೆ ನನಗೆ ಗೊತ್ತಾಯಿತು. ಎದೆ ಧಸಕ್ಕೆನ್ನುವುದೆಂದು ಕಾದೆ, ಅದು ಧಸಕ್ಕೆನ್ನಲಿಲ್ಲ. ಎರಡು ನಿಲ್ದಾಣ ಆಚೆಯ ಬೊರಿವಲಿಯಲ್ಲಿ ಇಳಿದು, ಒಂದು ಚಹಾ ಕುಡಿದು, ಹಿಂದಿರುಗುವ ಗಾಡಿಯಲ್ಲಿ ಬಂದೆ.

ಸರಸ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿಯೇ ಫಲಿತಾಂಶವನ್ನು ತಿಳಿದುಕೊಂಡಳೆಂದು ಕಾಣುತ್ತದೆ. ಅದರ ವಿಚಾರ ಕೇಳಲೇ ಇಲ್ಲ.

“ಇಷ್ಟೊತ್ತು ಎಲ್ಲಿಗೆ ಹೋಗಿದ್ರಿ?”

“ಬೊರಿವಲಿಗೆ.”

“ಅಲ್ಲೇನಿತ್ತು ಕೆಲಸ?”

“ಏನೂ ಇರಲಿಲ್ಲ,” ಎಂದೆ.