ಶೆಟ್ಟಮ್ಮನ ಕಣ್ಣು ಬರೆದದ್ದು

ನನಗೆ ಬಲಗಣ್ಣು ಕಾಣುವುದಿಲ್ಲ. ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಹೊಗೆಸೊಪ್ಪು ಮುರಿಯುವ ಕಾಲ ಬಂದರೆ ಮಕ್ಕಳು, ಮುದುಕರು ಎನ್ನದೆ ಎಲ್ಲರೂ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ನನಗೆ ಎಂಟು ವರ್ಷವಿದ್ದಾಗ, ಪಕ್ಕದಲ್ಲಿದ್ದವರು ಕಟ್ಟಿ ಮುಗಿಸಿದ ಕಡ್ಡಿಯನ್ನು ಎತ್ತಿಕೊಂಡು ತಿರುಗಿದರು. ಅದರ ತುದಿ ನನ್ನ ಕಣ್ಣಿಗೆ ಬಡಿಯಿತು. ಮನೆಮದ್ದು ಮಾಡಿ ನೋಡಿ, ಆಮೇಲೆ ಮೈಸೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ವಾರ ಕಳೆದಿತ್ತು.

ಒಂದು ಕಣ್ಣಿನವರಿಗೆ ಅರ್ಧ ಮಾತ್ರ ಕಾಣುತ್ತದೆ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಕಾಣುವುದೇನೋ ಕಾಣುತ್ತದೆ, ಆದರೆ ಅದು ಎಷ್ಟು ದೂರದಲ್ಲಿದೆ ಎಂಬುದು ತಿಳಿಯುವುದಿಲ್ಲ. ಲೋಟಕ್ಕೆ ನೀರು ಬಗ್ಗಿಸಿದರೆ ಪಕ್ಕಕ್ಕೆ ಚೆಲ್ಲುತ್ತಿತ್ತು. ಚೆಂಬಿನ ಬಾಯನ್ನು ಲೋಟದ ಅಂಚಿಗೆ ತಾಗಿಸಿಕೊಂಡು ಬಗ್ಗಿಸುವುದನ್ನು ಅವ್ವ ಕಲಿಸಿದಳು. ಅಂದಿನಿಂದ ಎಲ್ಲವನ್ನೂ ಮೊದಲು ಮುಟ್ಟಿ, ಆಮೇಲೆ ಮಾಡುವುದು ನನಗೆ ರೂಢಿಯಾಯಿತು.

ಮದುವೆಯಾಗಿ ಕೆ.ಆರ್. ನಗರಕ್ಕೆ ಬಂದದ್ದು ತೊಂಬತ್ತರ ದಶಕದಲ್ಲಿ. ನಮ್ಮವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಹಳೆಯ ಹಂಚಿನ ಮನೆಯೊಂದರ ಹಿತ್ತಲಿನಲ್ಲಿದ್ದ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಮುಂದಿನ ಮನೆಯಲ್ಲಿ ಮಾಲೀಕರಾದ ಅಮ್ಮನವರು ಇದ್ದರು. ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನಾನು ಹೊಲಿಗೆ ತರಬೇತಿಯಲ್ಲಿ ಬಟ್ಟೆಯ ಮೇಲೆ ಪೇಂಟಿಂಗ್ ಮಾಡುವುದನ್ನು ಕಲಿತಿದ್ದೆ. ದಿಂಬಿನ ಚೀಲಕ್ಕೆ, ಸೀರೆಯ ಸೆರಗಿಗೆ ಹೂವು ಬಳ್ಳಿ ಬರೆಯುತ್ತಿದ್ದೆ. ಅವುಗಳನ್ನು ಒಣಹಾಕಿದ್ದನ್ನು ನೋಡಿ ಒಂದು ದಿನ ಅಮ್ಮನವರು ಕರೆದರು.

ಅವರ ಮುಂದೆ ಒಂದು ಮರದ ಪೆಟ್ಟಿಗೆ ಇತ್ತು. ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ದಸರಾ ಬೊಂಬೆಗಳು. ಬಿಡಿಸಿ ತೋರಿಸಿದರು. ಶೆಟ್ಟಿ ಮತ್ತು ಶೆಟ್ಟಮ್ಮ, ಗೇಣುದ್ದದ ಮಣ್ಣಿನ ಜೋಡಿ, ಮುಂದೆ ಸಣ್ಣ ಸಣ್ಣ ಬುಟ್ಟಿಗಳಲ್ಲಿ ದಿನಸಿ. ಅಮ್ಮನವರ ತಾಯಿ ಮದುವೆಯಲ್ಲಿ ಕೊಟ್ಟದ್ದಂತೆ. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು.

“ಸೀರೆ ಅಂಚು, ಬಳೆ, ಇಷ್ಟು ತಿದ್ದಿಕೊಡು. ಶೆಟ್ಟಮ್ಮನ ಎಡಗಣ್ಣೂ ಮಾಸಿದೆ, ಆಗೋದಾದ್ರೆ ಅದನ್ನೂ ಒಂಚೂರು ನೋಡು” ಎಂದರು.

ಅಂಚು, ಬಳೆ ಚೆನ್ನಾಗಿಯೇ ಬಂದವು. ಕೈಯನ್ನು ಬೊಂಬೆಯ ಮೈಗೆ ಆನಿಸಿಕೊಂಡು ಬರೆದೆ. ಕಣ್ಣಿನ ಹತ್ತಿರ ಬಂದಾಗ ಸಂಜೆಯಾಗಿತ್ತು. ನಲವತ್ತು ಕ್ಯಾಂಡಲ್ ಬಲ್ಬು ತಲೆಯ ಮೇಲೆ ಉರಿಯುತ್ತಿತ್ತು. ಶೆಟ್ಟಮ್ಮನ ಕಣ್ಣು ಅಕ್ಕಿಕಾಳಿನಷ್ಟು, ಅದರೊಳಗಿನ ಗುಡ್ಡೆ ಸಾಸಿವೆಗಿಂತ ಚಿಕ್ಕದು. ಕುಂಚದ ತುದಿ ಇನ್ನೂ ದೂರದಲ್ಲಿದೆ ಎಂದುಕೊಂಡು ಮುಂದೆ ತಂದೆ. ಆಗಲೇ ಅದು ಮುಟ್ಟಿಬಿಟ್ಟಿತ್ತು. ಕಪ್ಪು ಬಣ್ಣ ಕೆನ್ನೆಯವರೆಗೆ ಇಳಿಯಿತು. ಗಾಬರಿಯಲ್ಲಿ ಬಟ್ಟೆಗೆ ಸೀಮೆಎಣ್ಣೆ ಅದ್ದಿ ಒರೆಸಿದೆ. ಕಪ್ಪಿನ ಜೊತೆಗೆ ಹಳೆಯ ಬಣ್ಣವೂ ಎದ್ದು ಬಂದು ಕಣ್ಣಿದ್ದ ಜಾಗದಲ್ಲಿ ಬರಿಯ ಮಣ್ಣು ಕಂಡಿತು.

ಬೆಳಿಗ್ಗೆ ನಾನೇ ಹೋಗಿ ತೋರಿಸಿದೆ. ಅಮ್ಮನವರು ಬೊಂಬೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಬೈಯಲಿಲ್ಲ.

“ಬಿಡಮ್ಮ. ನಿನ್ನ ಕೈಲಿ ಕೊಟ್ಟಿದ್ದು ನನ್ನ ತಪ್ಪು. ಎರಡು ಕಣ್ಣಿದ್ದವರಿಗೇ ಇದು ಕಷ್ಟ.”

ಬೈದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೇನೋ. ಈ ಮಾತು ಒಳಗೆ ಹೋಗಿ ಕೂತಿತು.

“ಕೆಡಿಸಿರೋಳು ನಾನು, ಅಮ್ಮಾರೇ. ಸರಿ ಮಾಡೋಳೂ ನಾನೇ. ದಸರಾಗೆ ಇನ್ನೂ ಎರಡು ತಿಂಗ್ಳದೆ. ಅಲ್ಲೀಗಂಟ ನನ್ನ ತಾವೇ ಇರ್ಲಿ” ಎಂದೆ.

ಅವರು ನನ್ನ ಮುಖ ನೋಡಿ, ಬೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

ಆ ವಾರವೇ ನಮ್ಮವರ ಗಡಿಯಾರ ನಿಂತಿತು. ರಿಪೇರಿಗೆ ಕೊಡಲು ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಗೆ ಹೋದೆ. ಅಂಗಡಿ ಎಂದರೆ ಗೋಡೆಗೆ ಒತ್ತಿಕೊಂಡ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಬ್ಬ ವಯಸ್ಸಾದ ಸಾಹೇಬರು. ಅವರ ತಂದೆಯೂ ಅದೇ ಜಾಗದಲ್ಲಿ ಅದೇ ಕೆಲಸ ಮಾಡಿದವರು. ಸಾಹೇಬರು ಬಲಗಣ್ಣಿಗೆ ಕಪ್ಪು ಕೊಳವೆಯಂಥ ಭೂತಗನ್ನಡಿ ಸಿಕ್ಕಿಸಿಕೊಂಡು, ಎಡಗಣ್ಣನ್ನು ಮುಚ್ಚಿ, ಚಿಮಟದಲ್ಲಿ ಒಂದು ಚಕ್ರವನ್ನು ಅದರ ಕುಳಿಯೊಳಗೆ ಕೂರಿಸುತ್ತಿದ್ದರು. ನಾನು ಗಡಿಯಾರ ಕೊಡುವುದನ್ನು ಮರೆತು ನಿಂತುಬಿಟ್ಟೆ. ಅವರೂ ಒಂದೇ ಕಣ್ಣಿನಲ್ಲಿ ಕೆಲಸ ಮಾಡುತ್ತಿದ್ದರು.

“ಸಾಹೇಬ್ರೇ, ಒಂದು ಮಾತು ಕೇಳ್ಲಾ? ಒಂದೇ ಕಣ್ಣಲ್ಲಿ ನೋಡ್ತಿದ್ದೀರಿ. ಚಿಮಟ ಮುಟ್ತೋ ಇಲ್ವೋ ಅಂತ ಎಂಗೆ ಗೊತ್ತಾಯ್ತದೆ?”

ಅವರು ಭೂತಗನ್ನಡಿ ತೆಗೆದು ನನ್ನನ್ನು ನೋಡಿದರು. ನನ್ನ ಬಲಗಣ್ಣನ್ನೂ ನೋಡಿದರು. ಮೇಜಿನ ಎಡಕ್ಕೆ ಬಗ್ಗಿಸಿಟ್ಟಿದ್ದ ದೀಪವನ್ನು ತೋರಿಸಿದರು.

“ಬೆಳಕು ಒಂದೇ ಕಡೆಯಿಂದ ಬರ್ಬೇಕಮ್ಮ. ಚಿಮಟಕ್ಕೆ ಒಂದು ನೆರಳಿರ್ತದೆ, ನೋಡಿ. ತುದಿಗೂ ನೆರಳಿಗೂ ಮಧ್ಯ ಜಾಗ ಇದ್ರೆ ಇನ್ನೂ ಮುಟ್ಟಿಲ್ಲ ಅಂತ. ಹತ್ರ ಹೋದಂಗೆ ಎರಡೂ ಹತ್ರ ಬರ್ತವೆ. ಎರಡೂ ಕೂಡ್ಕೊಂಡ್ರೆ, ಮುಟ್ತು.”

ಚಿಮಟವನ್ನು ಬಿಳಿ ಕಾಗದದ ಮೇಲೆ ನಿಧಾನವಾಗಿ ಇಳಿಸಿ ತೋರಿಸಿದರು. ತುದಿ ಮತ್ತು ನೆರಳು ಎರಡು ಇರುವೆಗಳ ಹಾಗೆ ಎದುರುಬದುರು ಬಂದು ಒಂದಾದವು. ಇಪ್ಪತ್ತು ವರ್ಷ ಒಂದೇ ಕಣ್ಣಿನಲ್ಲಿ ಬದುಕಿದ್ದ ನನಗೆ ಇದು ಹೊಳೆದಿರಲಿಲ್ಲ. ತಲೆಯ ಮೇಲಿನ ಬಲ್ಬಿನಲ್ಲಿ ಕುಂಚದ ನೆರಳು ನನ್ನ ಕೈಯ ಅಡಿಯಲ್ಲೇ ಅಡಗಿಹೋಗುತ್ತಿತ್ತು.

ಬೊಂಬೆಯ ವಿಷಯ ಹೇಳಿದೆ. ಅವರು ಡ್ರಾಯರ್ ತಡಕಾಡಿ, ಅಂಚು ಸ್ವಲ್ಪ ಮುಕ್ಕಾದ ಒಂದು ಹಳೆಯ ಭೂತಗನ್ನಡಿ ತೆಗೆದರು. “ಇನ್ನೂ ದೊಡ್ಡದು ಮಾಡಿ ತೋರ್ಸೋದು ಇದೆ. ಆದ್ರೆ ಅದನ್ನ ಹಾಕ್ಕೊಂಡ್ರೆ ಮುಖ ಬೊಂಬೆಗೆ ಅಂಟ್ಕೊಳ್ಳೋ ಹಂಗಾಗ್ತದೆ, ಕುಂಚ ಆಡ್ಸೋಕೆ ಜಾಗ ಇರಲ್ಲ. ನಿಮಗೆ ಇದೇ ಸರಿ” ಎಂದರು. ಹುಬ್ಬಿನಲ್ಲಿ ಹಿಡಿದುಕೊಳ್ಳಲು ನನಗೆ ಬರಲಿಲ್ಲ, ಜಾರಿ ಬೀಳುತ್ತಿತ್ತು. ಒಂದು ತಂತಿಯನ್ನು ಬಗ್ಗಿಸಿ ತಲೆಗೆ ಸಿಕ್ಕಿಸಿಕೊಳ್ಳುವಂತೆ ಮಾಡಿಕೊಟ್ಟರು.

ಮನೆಗೆ ಬಂದು ಹಾಕಿಕೊಂಡು ಕೂತಾಗ ನಮ್ಮವರು ನೋಡಿದರು. “ಇರೋ ಒಂದು ಕಣ್ಣನ್ನೂ ಕಳ್ಕೊಂಡ್ರೆ ಏನ್ ಮಾಡ್ತೀಯೇ? ಒಂದು ಮಣ್ಣಿನ ಬೊಂಬೆಗೋಸ್ಕರ?”

ಆ ಹೆದರಿಕೆ ನನಗೂ ಇತ್ತು. ಎರಡು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ಇಬ್ಬರೂ ಮೈಸೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಭೂತಗನ್ನಡಿಯಿಂದ ಕಣ್ಣು ಕೆಡುವುದಿಲ್ಲ, ಆಯಾಸವಾಗುತ್ತದೆ ಅಷ್ಟೆ, ಆಗಾಗ ತೆಗೆದು ದೂರದ ಗಿಡಮರ ನೋಡಿ ಎಂದರು. ಬರುವಾಗ ಬಸ್ಸಿನಲ್ಲಿ ನಮ್ಮವರು, “ಸರಿ, ಮಾಡ್ಕೋ. ಆದ್ರೆ ಡಾಕ್ಟ್ರು ಹೇಳ್ದಂಗೆ ಮಾಡ್ಬೇಕು ಕಣೇ” ಎಂದರು.

ಬೆಳಕಿನದೇ ದೊಡ್ಡ ಪಾಡಾಯಿತು. ನಮ್ಮ ಕೋಣೆಯ ಕಿಟಕಿ ಪಕ್ಕದ ಗೋಡೆಗೆ ತೆರೆದುಕೊಳ್ಳುತ್ತಿತ್ತು. ಕರೆಂಟು ಹಗಲೆಲ್ಲ ಬಂದು ಹೋಗುತ್ತಿತ್ತು, ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಅಮ್ಮನವರ ಹಿಂದಿನ ಜಗಲಿಯಲ್ಲಿ ಬೆಳಕು ಬೇಕಾದಷ್ಟಿತ್ತು, ಆದರೆ ಮೂರು ಕಡೆಯಿಂದ ಬರುತ್ತಿದ್ದರಿಂದ ಕುಂಚಕ್ಕೆ ನೆರಳೇ ಬೀಳುತ್ತಿರಲಿಲ್ಲ. ಬಲಕ್ಕೂ ಮುಂದಕ್ಕೂ ಹಗ್ಗ ಕಟ್ಟಿ ಕರಿಯ ಕಂಬಳಿಗಳನ್ನು ಇಳಿಬಿಟ್ಟೆ. ಎಡಗಡೆಯ ಬಿಸಿಲು ನೇರವಾಗಿ ಬಿದ್ದು ಬಣ್ಣ ಮಿಂಚಿ ಕಣ್ಣು ಕುಕ್ಕಿತು. ಆ ಕಡೆಗೆ ಪಂಚೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದೆ, ನೆರಳು ಮಸುಕಾಯಿತು. ಒಂದೇ ಮಡಿಕೆ ಕಟ್ಟಿದಾಗ ಬೆಳಕು ತಣ್ಣಗೆ ಬಂತು, ನೆರಳೂ ಸ್ಪಷ್ಟವಾಗಿ ಉಳಿಯಿತು.

ನೇರವಾಗಿ ಶೆಟ್ಟಮ್ಮನ ಮೇಲೆ ಕೈ ಮಾಡುವ ಧೈರ್ಯ ಇರಲಿಲ್ಲ. ಒಣಗಿದ ಅವರೆಕಾಳು ಬೆಳ್ಳಗೆ, ಕಣ್ಣಿನ ಆಕಾರದಲ್ಲೇ ಇರುತ್ತದೆ. ಒಂದೊಂದು ಕಾಳನ್ನೂ ಜೇಡಿಮಣ್ಣಿನ ಉಂಡೆಗೆ ಒತ್ತಿ ನಿಲ್ಲಿಸಿ ಅದರ ಮೇಲೆ ಕಣ್ಣುಗುಡ್ಡೆ ಬರೆಯತೊಡಗಿದೆ. ನಮ್ಮವರು ಗಿರಣಿಗೆ ಹೊರಟ ಮೇಲೆ, ಅಡುಗೆಗೆ ಕೂರುವ ಮುಂಚೆ, ದಿನವೂ. ಮೊದಲ ವಾರ ಕುಂಚದ ತುದಿ ನೆರಳನ್ನು ಕೂಡುವ ಮೊದಲೇ ನಡುಗುತ್ತಿತ್ತು. ಭೂತಗನ್ನಡಿಯಲ್ಲಿ ಆ ನಡುಕವೂ ದೊಡ್ಡದಾಗಿ ಕಾಣುತ್ತಿತ್ತು. ಉಸಿರು ಬಿಟ್ಟ ಮೇಲೆ, ಮತ್ತೆ ಎಳೆದುಕೊಳ್ಳುವ ಮುಂಚೆ ಕೈ ನಿಲ್ಲುತ್ತದೆ ಎಂದು ತಿಳಿಯಿತು. ಆ ಗಳಿಗೆಯಲ್ಲೇ ಚುಕ್ಕೆ ಇಡುವುದನ್ನು ಅಭ್ಯಾಸ ಮಾಡಿದೆ. ಒಂದು ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರು ಮೊರದ ತುಂಬ ಇದ್ದ ಕಾಳುಗಳನ್ನು ನೋಡಿ, “ಇದೇನೇ, ಎಲ್ಲಾ ನನ್ನೇ ನೋಡ್ತಾವಲ್ಲ” ಎಂದು ಮೊರವನ್ನು ಆಚೆಗೆ ತಿರುಗಿಸಿಟ್ಟು ಊಟಕ್ಕೆ ಕೂತರು.

ಶೆಟ್ಟಮ್ಮನ ಬಲಗಣ್ಣು ಹಳೆಯದು, ಇನ್ನೂ ಉಳಿದಿತ್ತು. ಅದನ್ನು ಭೂತಗನ್ನಡಿಯಲ್ಲಿ ನೋಡಿದ ದಿನ ಕೆಲಸಕ್ಕೆ ಕೈ ಹಾಕದೆ ಬರೀ ನೋಡುತ್ತ ಕೂತೆ. ಬಿಳಿ ಎಂದುಕೊಂಡಿದ್ದುದು ಬಿಳಿಯಲ್ಲ, ಅದರಲ್ಲಿ ಒಂದು ಹನಿ ನೀಲಿಯಿತ್ತು. ಮೂಗಿನ ಕಡೆಯ ಮೂಲೆಯಲ್ಲಿ ಕೆಂಪಿನ ಒಂದು ಕೂದಲೆಳೆ. ಮೇಲಿನ ರೆಪ್ಪೆಯನ್ನು ಒಂದೇ ಎಳೆತದಲ್ಲಿ ದಪ್ಪದಿಂದ ತೆಳುವಿಗೆ ತಂದಿದ್ದರು. ಯಾವ ಊರಿನ ಯಾವ ಕೈಯೋ. ಗುಡ್ಡೆಯನ್ನು ನಟ್ಟನಡುವೆ ಇಡದೆ ಸ್ವಲ್ಪ ಕೆಳಕ್ಕೆ ಇಟ್ಟಿದ್ದರು. ಅದಕ್ಕೇ ಶೆಟ್ಟಮ್ಮ ತನ್ನ ಬುಟ್ಟಿಗಳನ್ನು ನೋಡುತ್ತಿದ್ದಳು. ಗುಡ್ಡೆಯನ್ನು ನಡುವೆಯೇ ಇಟ್ಟಿದ್ದ ನನ್ನ ಅವರೆಕಾಳುಗಳೆಲ್ಲ ಬೆದರಿದಂತೆ ಕಂಡದ್ದು ಏಕೆಂದು ಆಗ ಅರ್ಥವಾಯಿತು.

ಸೀಮೆಎಣ್ಣೆಯಿಂದ ಎದ್ದುಹೋಗಿದ್ದ ಜಾಗಕ್ಕೆ ಮೊದಲು ಸುಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿ ತೆಳ್ಳಗೆ ಮೆತ್ತಿದೆ. ಒಣಗಿದ ಮೇಲೆ ಮುಖದ ಬಣ್ಣ, ಅದು ಒಣಗಿದ ಮೇಲೆ ಕಣ್ಣಿನ ಬಿಳಿ. ಎಲ್ಲ ಸರಿಯಾಗಿ ಬಂತು. ರೆಪ್ಪೆ ಎಳೆಯಲು ಕುಂಚ ಎತ್ತಿ, ನೆರಳು ತುದಿಯ ಹತ್ತಿರ ಬರುತ್ತಿರುವಾಗ ಇದ್ದಕ್ಕಿದ್ದಂತೆ ನೆರಳು ಮಾಯವಾಯಿತು. ಮೋಡ ಕವಿದಿತ್ತು. ಕೈಯನ್ನು ಹಿಂದಕ್ಕೆ ತೆಗೆದು ಕಾದೆ. ಮಳೆ ಹಿಡಿಯಿತು.

ಮೂರು ದಿನ ಬಿಸಿಲಿಲ್ಲ. ದಸರಾಗೆ ಎರಡೇ ವಾರ ಉಳಿದಿತ್ತು. ಸಂಜೆ ಬಲ್ಬಿನ ಕೆಳಗೆ ಮುಗಿಸಿಬಿಡಲೇ ಎಂದು ಎರಡು ಸಲ ಬೊಂಬೆಗೆ ಸುತ್ತಿದ ಬಟ್ಟೆ ಬಿಚ್ಚಿದೆ, ಎರಡು ಸಲವೂ ಸುತ್ತಿಟ್ಟೆ. ಅಮ್ಮನವರು ಬಾಗಿಲಲ್ಲಿ ನಿಂತು, “ಆಯ್ತೇನಮ್ಮ?” ಎಂದರು.

“ಬೆಳಕು ಬರ್ಲಿ ಅಮ್ಮಾರೇ. ಬೆಳಕಿಲ್ದೆ ಕೈ ಇಡಾಕಿಲ್ಲ.”

ನಾಲ್ಕನೆಯ ದಿನ ಬೆಳಿಗ್ಗೆ ಬಿಸಿಲು ಬಂತು. ಕಂಬಳಿ, ಪಂಚೆ ಕಟ್ಟಿ ಕೂತೆ. ರೆಪ್ಪೆ ಎಳೆದೆ. ಉಸಿರು ಬಿಟ್ಟೆ, ತುದಿಯೂ ನೆರಳೂ ಕೂಡಿದವು, ಗುಡ್ಡೆ ಕೂತಿತು. ಭೂತಗನ್ನಡಿ ತೆಗೆದು ಮಾರು ದೂರಕ್ಕೆ ಹೋಗಿ ನೋಡಿದೆ. ಚೆನ್ನಾಗಿತ್ತು. ಹತ್ತಿರ ಬಂದು ಮತ್ತೆ ಹಾಕಿಕೊಂಡು ನೋಡಿದೆ. ಹೊಸ ಗುಡ್ಡೆ ಹಳೆಯದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿತ್ತು. ಬರಿಗಣ್ಣಿಗೆ ಯಾರಿಗೂ ಕಾಣುವಂಥದ್ದಲ್ಲ. ಆದರೆ ನನಗೆ ಕಂಡುಬಿಟ್ಟಿತ್ತು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಬಣ್ಣ ಹಸಿಯಿರುವಾಗಲೇ ಗುಡ್ಡೆಯನ್ನಷ್ಟೇ ಎತ್ತಿದೆ. ಕೈ ತೊಳೆದು, ಹಿತ್ತಲಿನ ನುಗ್ಗೆಮರವನ್ನು ಸ್ವಲ್ಪ ಹೊತ್ತು ನೋಡಿ ಬಂದು, ಮತ್ತೆ ಬರೆದೆ. ಈ ಸಲ ಎರಡೂ ಒಂದೇ ಆಗಿದ್ದವು. ಶೆಟ್ಟಮ್ಮ ಬುಟ್ಟಿಗಳನ್ನು ನೋಡುತ್ತಿದ್ದಳು. ನನಗೆ ಅಳು ಬರುವಂತಾಯಿತು, ಆದರೆ ಭೂತಗನ್ನಡಿ ಇನ್ನೂ ಕಣ್ಣಿನಲ್ಲೇ ಇತ್ತು, ಸುಮ್ಮನಾದೆ.

ಅಮ್ಮನವರು ಬೊಂಬೆಯನ್ನು ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದರು. ಅತ್ತ ಇತ್ತ ತಿರುಗಿಸಿದರು. ಯಾವ ಕಣ್ಣು ಹೊಸದು ಎಂದು ಹುಡುಕುತ್ತಿದ್ದರೆಂದು ತೋರುತ್ತದೆ. ಒಳಗೆ ಹೋಗಿ ಶೆಟ್ಟಿಯನ್ನು ತಂದು ನನ್ನ ಮುಂದೆ ಇಟ್ಟರು.

“ಇವನ ಮೀಸೆ ಮಾಸಿದೆ. ಹುಬ್ಬೂ ಅಷ್ಟೆ. ಜಗಲಿ ನಿನಗೇ ಇರ್ಲಿ, ಕಂಬಳಿ ಬಿಚ್ಚಬೇಡ.”

ಆ ದಸರಾದಲ್ಲಿ ಬೊಂಬೆ ನೋಡಲು ಬಂದ ಹೆಂಗಸರಲ್ಲಿ ಒಬ್ಬರು ಯಾರು ತಿದ್ದಿದ್ದು ಎಂದು ಕೇಳಿದರು. ಅಮ್ಮನವರು ಹಿತ್ತಲಿನ ಕಡೆ ಕೈ ತೋರಿಸಿದರಂತೆ. ಮುಂದಿನ ವರ್ಷ ಊರಿನ ಮೂರು ಮನೆಗಳಿಂದ ಬೊಂಬೆಗಳು ಬಂದವು, ಆಮೇಲೆ ಹುಣಸೂರಿನಿಂದಲೂ ಬಂದವು. ಮಳೆಗಾಲಕ್ಕೆಂದು ಬಗ್ಗುವ ಕತ್ತಿನ ಮೇಜುದೀಪ ಕೊಂಡೆ, ಕೆಲವು ವರ್ಷದ ಮೇಲೆ ಕರೆಂಟು ಹೋದರೂ ಉರಿಯುವಂತೆ ಅದಕ್ಕೊಂದು ಬ್ಯಾಟರಿ ಹಾಕಿಸಿದೆವು. ಗಡಿಯಾರದ ಸಾಹೇಬರು ಒಂದು ಸಲ ಅಂಕಿ ಮಾಸಿದ ಹಳೆಯ ಡಯಲ್ಲೊಂದನ್ನು ತಂದು, “ಇದು ನನ್ನ ಕೈಲಿ ಆಗಲ್ಲಮ್ಮ, ನೀವು ಬರ್ಕೊಡಿ” ಎಂದರು. ಹನ್ನೆರಡು ಅಂಕಿಗಳಿಗೆ ಎರಡು ಬೆಳಗು ಹಿಡಿಯಿತು.

ಎರಡು ಸಾವಿರದ ಇಸವಿಯ ನಂತರದ ಒಂದು ವರ್ಷ, ಹುಣಸೂರಿನಾಚೆ ಹ್ಯಾಂಡ್‌ಪೋಸ್ಟ್ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಎರಡು ಬಸ್ಸು ಬದಲಿಸಿ ಬಂದರು. ಟವೆಲಿನಲ್ಲಿ ಸುತ್ತಿದ ಮರದ ಬೊಂಬೆಯಿತ್ತು. ಬಾಗಿಲು ತೆರೆದ ನನ್ನ ಮುಖ ನೋಡಿ ಟವೆಲನ್ನು ಎದೆಗೆ ಒತ್ತಿಕೊಂಡರು.

“ಕಣ್ಣು ಬರ್ಯೋರು ಯಾರವ್ವಾ?”

“ನಾನೇ ಕಣಮ್ಮ.”

“ನೀವಾ?” ಎಂದು ಹೊಸ್ತಿಲಾಚೆಯೇ ನಿಂತರು.

ನನಗೆ ಸಿಟ್ಟು ಬರಲಿಲ್ಲ. ಒಳಗೆ ಕರೆದು ಚಾಪೆ ಹಾಕಿದೆ. ಆಗ ಕೈಯಲ್ಲಿದ್ದ ಕೆಲಸ ಬೇರೊಂದು ಬೊಂಬೆಯ ಮೂಗುತಿ. ದೀಪ ಎಡಕ್ಕೆ ಬಗ್ಗಿಸಿ, ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸಿದೆ. ಅವರು ಕೊಟ್ಟ ಕಾಫಿ ಆರಿಹೋಗುವವರೆಗೂ ನನ್ನ ಕೈಯನ್ನೇ ನೋಡಿದರು. ಆಮೇಲೆ ಟವೆಲು ಬಿಚ್ಚಿ ಬೊಂಬೆಯನ್ನು ನನ್ನ ಪಕ್ಕ ಇಟ್ಟು, “ಯಾವತ್ತು ಬರ್ಲವ್ವಾ?” ಎಂದರು.

“ಗುರುವಾರ ಬನ್ನಿ” ಎಂದೆ.

ಗುರುವಾರ ಹತ್ತು ಗಂಟೆಗೆಲ್ಲ ಬಂದರು. ಬೊಂಬೆ ಹಿಂದಿನ ದಿನವೇ ಒಣಗಿ ಸಿದ್ಧವಾಗಿತ್ತು.